ವಿದ್ಯಾರ್ಥಿ ಸಾಫ್ಟ್‌ವೇರ್ ಸಾಕಾ, ಪೂರ್ತಿ ಬೆಲೆಯದ್ದೇ ಬೇಕಾ?

ಪಿಯುಸಿ ಮುಗಿಸಿ ಎಂಜಿನಿಯರಿಂಗಿಗೋ ಬಿಕಾಂಗೋ ಸೇರಿದ ಮಕ್ಕಳ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಲ್ಯಾಪ್‌ಟಾಪ್ ತಗೊಂಡಾಯಿತು, ಈಗ ಅದರೊಳಗೆ ಏನು ಹಾಕಿಸುವುದು? ಅಂಗಡಿಯವರು "ಫುಲ್ ವರ್ಷನ್ ಹಾಕಿ ಕೊಡ್ತೀವಿ" ಅನ್ನುತ್ತಾರೆ. ಸೀನಿಯರ್‌ಗಳು "ಸ್ಟೂಡೆಂಟ್ ವರ್ಷನ್ ಪುಕ್ಕಟೆ ಸಿಗುತ್ತೆ" ಅನ್ನುತ್ತಾರೆ. ನೆಂಟರಲ್ಲಿ ಯಾರೋ ಒಬ್ಬರು "ಪುಕ್ಕಟೆದು ಅರ್ಧಂಬರ್ಧ ಇರುತ್ತೆ, ದುಡ್ಡು ಕೊಟ್ಟಿದ್ದೇ ತಗೋ" ಅನ್ನುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳು, ಓದು ಮುಗಿಸಿ ಇಲ್ಲೇ ಸಣ್ಣ ಆಫೀಸು ಹಾಕಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದೂ ಇದನ್ನೇ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನೆಂಟರ ಮಾತಿನಿಂದಲೇ ಶುರು ಮಾಡೋಣ. ಇವತ್ತು ದೊಡ್ಡ ಕಂಪನಿಗಳ ವಿದ್ಯಾರ್ಥಿ ಸಾಫ್ಟ್‌ವೇರ್ ಬಹುಪಾಲು ಅರ್ಧಂಬರ್ಧ ಇರುವುದಿಲ್ಲ. ಡ್ರಾಯಿಂಗ್ ಹಾಕುವ ಆಟೋಕ್ಯಾಡ್ ಆಗಲಿ, ಫೋಟೋ ತಿದ್ದುವ ಫೋಟೋಶಾಪ್ ಆಗಲಿ, ಅದೇ ಸಾಫ್ಟ್‌ವೇರ್, ಅದೇ ಬಟನ್‌ಗಳು. ಬೇರೆಯಾಗುವುದು ಲೈಸೆನ್ಸ್. ಯಾರು ಬಳಸಬಹುದು, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಎಂಬ ಷರತ್ತಿನಲ್ಲಿ ವ್ಯತ್ಯಾಸ ಇದೆ. ಹೀಗಾಗಿ ಎರಡೂ ಪೆಟ್ಟಿಗೆಗಳ ಮೇಲಿನ ಫೀಚರ್ ಪಟ್ಟಿ ಹೋಲಿಸುತ್ತಾ ಕೂತರೆ ಉತ್ತರ ಸಿಗುವುದಿಲ್ಲ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು: ಈ ಸಾಫ್ಟ್‌ವೇರಿನಲ್ಲಿ ನೀವು ಮಾಡುವ ಕೆಲಸಕ್ಕೆ ಯಾರಾದರೂ ದುಡ್ಡು ಕೊಡುತ್ತಾರಾ? ಅಸೈನ್‌ಮೆಂಟ್, ಪ್ರಾಜೆಕ್ಟ್, ಸ್ವಂತ ಕಲಿಕೆ ಆದರೆ ಒಂದು ದಾರಿ. ಗಿರಾಕಿಗೆ ಮಾಡಿಕೊಟ್ಟು ಐನೂರು ರೂಪಾಯಿ ತಗೊಂಡರೂ ಅದು ಇನ್ನೊಂದು ದಾರಿ. ವಿದ್ಯಾರ್ಥಿ ಲೈಸೆನ್ಸ್‌ಗಳಲ್ಲಿ ಹೆಚ್ಚಿನವು ಈ ಗೆರೆಯಲ್ಲೇ ನಿಲ್ಲುತ್ತವೆ.

ಎರಡನೆಯದು ಕಾಲ. ಕಾಲೇಜು ಮುಗಿದ ಮರುದಿನ ಏನಾಗುತ್ತದೆ? ಸಾಫ್ಟ್‌ವೇರ್ ತೆರೆಯುತ್ತದಾ? ಬೆಲೆ ಎಷ್ಟಕ್ಕೆ ಏರುತ್ತದೆ? ಮೂರನೆಯದು ಫೈಲ್. ನೀವು ಮಾಡಿದ ಫೈಲ್ ಇನ್ನೊಬ್ಬರ ಕಂಪ್ಯೂಟರಿಗೆ ಹೋದಾಗ, ಪ್ರಿಂಟ್ ಹಾಕಿದಾಗ "ಇದು ವಿದ್ಯಾರ್ಥಿ ಪ್ರತಿ" ಎಂಬ ಗುರುತು ಬರುತ್ತದಾ? ಇದಾದ ಮೇಲೆ ದಾಖಲೆ. ನೀವು ವಿದ್ಯಾರ್ಥಿ ಅಂತ ತೋರಿಸಲು ನಿಮ್ಮ ಹತ್ತಿರ ಏನಿದೆ? ಫೀಚರ್‌ಗಳು ಕಡಿಮೆಯಾ ಎಂಬ ಪ್ರಶ್ನೆ ನನ್ನ ಪ್ರಕಾರ ಕೊನೆಗೆ ಬರಬೇಕು. ಎಲ್ಲರೂ ಮೊದಲು ಕೇಳುವುದು ಅದನ್ನೇ.

ಡ್ರಾಯಿಂಗ್ ಕೆಲಸ: ಆಟೋಕ್ಯಾಡ್ ಮತ್ತು ಅದರ ಜತೆಯವು

ಸಿವಿಲ್, ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಓದುವವರಿಗೆ ಇಲ್ಲಿ ತಲೆಬಿಸಿ ಬೇಡ. ಆಟೋಡೆಸ್ಕ್ ಕಂಪನಿ ಆಟೋಕ್ಯಾಡ್, ರೆವಿಟ್, ಫ್ಯೂಷನ್ ಎಲ್ಲವನ್ನೂ ಅರ್ಹ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಚಿತವಾಗಿ ಕೊಡುತ್ತದೆ. ಒಂದು ವರ್ಷದ ಅವಧಿ. ಓದು ಮುಂದುವರಿದಿದ್ದರೆ ಪ್ರತಿ ವರ್ಷ ನವೀಕರಿಸಬಹುದು. ಓದುತ್ತಿರುವಷ್ಟು ದಿನ ಇದಕ್ಕೆ ರೂಪಾಯಿ ಖರ್ಚು ಮಾಡುವ ಕಾರಣವೇ ಇಲ್ಲ. ಕಟ್ಟಡದ ಬಲ ಲೆಕ್ಕ ಹಾಕುವ ಸ್ಟಾಡ್ ಪ್ರೋ ಮಾಡುವ ಬೆಂಟ್ಲಿ ಕಂಪನಿಯೂ ಕಲಿಕೆಗೆ ಉಚಿತ ಲೈಸೆನ್ಸ್ ಕೊಡುತ್ತದೆ.

ತೊಡಕು ಬರುವುದು ಮೂರನೇ ವರ್ಷದ ಹೊತ್ತಿಗೆ. ಕೈ ಪಳಗಿದ ಹುಡುಗರಿಗೆ ಊರಿನ ಎಂಜಿನಿಯರ್ ಒಬ್ಬರು "ಮನೆ ಪ್ಲ್ಯಾನ್ ಒಂದು ಹಾಕಿ ಕೊಡಪ್ಪಾ, ಖರ್ಚಿಗೆ ಕೊಡ್ತೀನಿ" ಅನ್ನುತ್ತಾರೆ. ಇದು ನಮ್ಮ ಕಡೆ ತೀರಾ ಸಾಮಾನ್ಯ. ಕಲಿಯುವುದಕ್ಕೂ ಒಳ್ಳೆಯದೇ. ಆದರೆ ಆ ಪ್ಲ್ಯಾನ್ ಮಹಾನಗರ ಪಾಲಿಕೆಗೆ ಹೋಗುತ್ತದೆ, ಅದಕ್ಕೆ ಮನೆ ಮಾಲೀಕರು ದುಡ್ಡು ಕೊಟ್ಟಿರುತ್ತಾರೆ. ಅದು ವ್ಯಾಪಾರದ ಕೆಲಸ. ವಿದ್ಯಾರ್ಥಿ ಲೈಸೆನ್ಸಿನಲ್ಲಿ ಮಾಡುವಂತಿಲ್ಲ. ಸರಿಯಾದ ದಾರಿ ಸುಲಭವಾಗಿಯೇ ಇದೆ. ಎಂಜಿನಿಯರ ಆಫೀಸಿಗೇ ಹೋಗಿ, ಅವರ ಲೈಸೆನ್ಸ್ ಇರುವ ಕಂಪ್ಯೂಟರಿನಲ್ಲಿ ಕೆಲಸ ಮಾಡಿ. ಅನುಭವವೂ ಸಿಗುತ್ತದೆ, ಖರ್ಚಿಗೂ ಆಗುತ್ತದೆ.

ಫೈಲ್ ಗುರುತಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಆಟೋಕ್ಯಾಡ್ ವಿದ್ಯಾರ್ಥಿ ಪ್ರತಿಯಲ್ಲಿ ಪ್ರಿಂಟ್ ಹಾಕಿದರೆ ಹಾಳೆಯ ಅಂಚಿನಲ್ಲಿ ಶಿಕ್ಷಣದ ಪ್ರತಿ ಎಂಬ ಸಾಲು ಬೀಳುತ್ತಿತ್ತು. ಯಂತ್ರಭಾಗಗಳ ಡ್ರಾಯಿಂಗಿಗೆ ಬಳಸುವ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರಿನ ಶಿಕ್ಷಣ ಆವೃತ್ತಿಯ ಡ್ರಾಯಿಂಗ್ ಪ್ರಿಂಟಿನಲ್ಲಿ "ಕಲಿಕೆಗೆ ಮಾತ್ರ" ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಕಾಲೇಜಿನ ಪ್ರಾಜೆಕ್ಟಿಗೆ ಅದರಿಂದ ಏನೂ ತೊಂದರೆ ಇಲ್ಲ. ಕಪನೂರ ಕೈಗಾರಿಕಾ ಪ್ರದೇಶದ ಯಾವುದೋ ವರ್ಕ್‌ಶಾಪಿಗೆ ಬಿಡಿಭಾಗದ ಡ್ರಾಯಿಂಗ್ ಕೊಡುವಾಗ ಮಾತ್ರ ಮುಖ ಕೆಳಗಾಗುತ್ತದೆ.

ಇನ್ನು ಪೂರ್ತಿ ಬೆಲೆಯ ಆಟೋಕ್ಯಾಡ್. ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಒಮ್ಮೆ ಕೊಂಡರೆ ಜೀವಮಾನ ಪೂರ್ತಿ ಬರುವ ಹೊಸ ಲೈಸೆನ್ಸ್ ಮಾರುವುದನ್ನು ಆಟೋಡೆಸ್ಕ್ 2016ರಲ್ಲೇ ನಿಲ್ಲಿಸಿದೆ. ಈಗ ಇರುವುದು ತಿಂಗಳ, ವರ್ಷದ ಇಲ್ಲವೇ ಮೂರು ವರ್ಷದ ಚಂದಾ. ಯಾರಾದರೂ "ಹೊಸ ಆಟೋಕ್ಯಾಡ್, ಲೈಫ್‌ಟೈಮ್ ಕೀ" ಅಂತ ಮಾರಿದರೆ, ಕಂಪನಿಯೇ ಮಾರದ ವಸ್ತುವನ್ನು ಅವರು ಮಾರುತ್ತಿದ್ದಾರೆ ಅಂತಾಯಿತು.

ಸಣ್ಣ ಆಫೀಸಿಗೆ ಪೂರ್ತಿ ಆಟೋಕ್ಯಾಡ್ ಬೇಕೇ ಬೇಕು ಅಂತಲೂ ಇಲ್ಲ. ಆಟೋಕ್ಯಾಡ್ ಎಲ್‌ಟಿ ಎಂಬುದು ಅದೇ ಕಂಪನಿಯದು, ಬೆಲೆ ತುಂಬಾ ಕಡಿಮೆ. ಅದರಲ್ಲಿ ತ್ರೀಡಿ ಮಾಡಲು ಬರುವುದಿಲ್ಲ. ಹಿಂದೆ ಆಟೋಲಿಸ್ಪ್ (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನೇ ಮಾಡಿಸುವ ಪುಟ್ಟ ಕೋಡ್ ಭಾಷೆ) ಕೂಡ ಇರಲಿಲ್ಲ, 2024ರ ಆವೃತ್ತಿಯಿಂದ ಅದೂ ಸೇರಿದೆ. ಮನೆ ಪ್ಲ್ಯಾನ್, ಲೇಔಟ್, ಎಸ್ಟಿಮೇಟ್ ಡ್ರಾಯಿಂಗ್ ಅಷ್ಟೇ ಮಾಡುವವರಿಗೆ ಎಲ್‌ಟಿ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡು ಅಷ್ಟೂ ಇಲ್ಲ ಅಂದರೆ ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಇವೆ. ಇವು ಎಂದೆಂದಿಗೂ ಉಚಿತ, ವ್ಯಾಪಾರಕ್ಕೂ ಬಳಸಬಹುದು. ತೊಂದರೆ ಇರುವುದು ಬೇರೆಯವರು ಕಳಿಸಿದ ಡಿಡಬ್ಲ್ಯೂಜಿ, ಅಂದರೆ ಆಟೋಕ್ಯಾಡಿನ ಫೈಲ್ ತೆರೆಯುವಾಗ. ಸಾಲು, ಅಕ್ಷರ ಆಚೀಚೆ ಆಗಬಹುದು. ನಿಮ್ಮ ಫೈಲ್ ದಿನಾ ಬೇರೆ ಆಫೀಸುಗಳಿಗೆ ಹೋಗಿ ಬರುತ್ತಿದ್ದರೆ ಇವನ್ನೇ ನಂಬಿಕೊಳ್ಳುವುದು ಕಷ್ಟ.

ಟ್ಯಾಲಿ: ಇಲ್ಲಿ ಲೆಕ್ಕ ಬೇರೆ

ಬಿಕಾಂ ಮಕ್ಕಳಿಗೆ, ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಅಂದರೆ ಮೊದಲು ಲೆಕ್ಕ ಬರೆಯುವ ಟ್ಯಾಲಿ. ಬೆಂಗಳೂರಿನ ಕಂಪನಿ, 1986ರಲ್ಲಿ ಶುರುವಾದದ್ದು. ಇದರಲ್ಲಿ ವಿದ್ಯಾರ್ಥಿ ಮತ್ತು ಪೂರ್ತಿ ಬೆಲೆಯ ನಡುವಿನ ಗೆರೆ ಸಾಫ್ಟ್‌ವೇರ್ ಒಳಗೇ ಇದೆ.

ಟ್ಯಾಲಿ ಪ್ರೈಮ್ ಇಳಿಸಿಕೊಂಡು ಎಜುಕೇಷನಲ್ ಮೋಡ್‌ನಲ್ಲಿ ತೆರೆದರೆ ದುಡ್ಡು ಕೇಳುವುದಿಲ್ಲ. ಕಾಲೇಜಿನ ದಾಖಲೆಯೂ ಬೇಡ, ಅವಧಿಯೂ ಇಲ್ಲ. ಲೆಡ್ಜರ್, ವೋಚರ್, ಸ್ಟಾಕ್, ಜಿಎಸ್‌ಟಿ ಎಲ್ಲವನ್ನೂ ಅಭ್ಯಾಸ ಮಾಡಬಹುದು. ಆದರೆ ವೋಚರ್ ಹಾಕಲು ತಿಂಗಳ 1, 2 ಮತ್ತು 31ನೇ ತಾರೀಖು ಮಾತ್ರ ಸಿಗುತ್ತವೆ. ಕಲಿಯುವವರಿಗೆ ಅದು ದೊಡ್ಡ ತೊಡಕಲ್ಲ, ಯಾವ ತಾರೀಖಿನಲ್ಲಿ ಹಾಕಿದರೂ ಎಂಟ್ರಿ ಎಂಟ್ರಿಯೇ. ನಿಜವಾದ ಅಂಗಡಿ ನಡೆಸುವವರಿಗೆ ಅದು ಒಂದು ದಿನಕ್ಕೂ ಆಗುವುದಿಲ್ಲ. ತೊಗರಿ ಆವಕ ಇರುವ ದಿನಗಳಲ್ಲಿ ಪ್ರತಿ ದಿನದ ಖರೀದಿ ಅದೇ ದಿನದ ತಾರೀಖಿಗೆ ಬೀಳಲೇಬೇಕಲ್ವಾ?

ಪೂರ್ತಿ ಬೆಲೆಯ ಟ್ಯಾಲಿ ಪ್ರೈಮ್ ಸಿಲ್ವರ್, ಅಂದರೆ ಒಬ್ಬರೇ ಬಳಸುವಂಥದ್ದು, ಹಿಂದೆ 18,000 ರೂಪಾಯಿ ಇತ್ತು, ಆಮೇಲೆ 22,500ಕ್ಕೆ ಏರಿತು. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 26,550. ಒಂದೇ ಆಫೀಸಿನ ಹಲವು ಕಂಪ್ಯೂಟರಿಗೆ ಬೇಕಾದರೆ ಗೋಲ್ಡ್, 67,500ರ ಮೇಲೆ ಜಿಎಸ್‌ಟಿ. ಕೊಳ್ಳುವ ದಿನ ಕಂಪನಿಯ ತಾಣದಲ್ಲಿ ಬೆಲೆ ಒಮ್ಮೆ ನೋಡಿಕೊಳ್ಳಿ. ಇದು ಒಮ್ಮೆ ಕೊಂಡರೆ ನಿಮ್ಮದೇ. ಹೊಸ ಆವೃತ್ತಿ, ಆನ್‌ಲೈನ್ ಸೇವೆ ಬೇಕಾದರೆ ಟಿಎಸ್ಎಸ್ ಎಂಬ ವಾರ್ಷಿಕ ಶುಲ್ಕ ಬೇರೆ. ಕೊಳ್ಳಲು ದುಡ್ಡಿಲ್ಲದವರಿಗೆ ಬಾಡಿಗೆ ಲೆಕ್ಕದಲ್ಲೂ ಸಿಗುತ್ತದೆ. ಸುಗ್ಗಿಯ ಕೆಲವು ತಿಂಗಳು ಮಾತ್ರ ವ್ಯಾಪಾರ ಜೋರಾಗಿರುವ ಅಂಗಡಿಗೆ ಬಾಡಿಗೆ ಹೊಂದಬಹುದು. ಆದರೆ ಲೆಕ್ಕ ಬರೆಯುವುದು ವರ್ಷವಿಡೀ ಇದ್ದರೆ ಕೆಲವು ವರ್ಷಗಳಲ್ಲಿ ಕೊಂಡದ್ದೇ ಅಗ್ಗ ಬೀಳುತ್ತದೆ.

ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಬಿಲ್ ಸಮೇತ ಕೊಂಡರೆ ಆ 18% ಅನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಂಡು, ಹಿಂದಕ್ಕೆ ಪಡೆಯಬಹುದು. ಬೆಲೆ ಹೋಲಿಸುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಲ್ ಇಲ್ಲದೆ ಕೊಂಡ ಸಾಫ್ಟ್‌ವೇರಿಗೆ ಈ ಲಾಭ ಇಲ್ಲ.

ಟ್ಯಾಲಿ ಕ್ಲಾಸಿಗೆ ಸೇರುವ ಮಕ್ಕಳಿಗೆ ಒಂದು ಮಾತು. ಮನೆಯಲ್ಲಿ ಅಭ್ಯಾಸಕ್ಕೆ ಎಜುಕೇಷನಲ್ ಮೋಡ್ ಪೂರ್ತಿ ಸಾಕು. "ನಮ್ಮ ಹತ್ತಿರ ಫುಲ್ ವರ್ಷನ್ ಇದೆ, ಪೆನ್‌ಡ್ರೈವಿನಲ್ಲಿ ಕೊಡ್ತೀವಿ" ಅಂತ ಯಾರಾದರೂ ಅಂದರೆ ಬೇಡ ಅನ್ನಿ.

ಆಫೀಸ್: ಎಲ್ಲರಿಗೂ ಬೇಕಾದದ್ದು

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ವಿಷಯದಲ್ಲಿ ಗೊಂದಲ ಜಾಸ್ತಿ, ಯಾಕೆಂದರೆ ಒಂದೇ ಹೆಸರಿನಲ್ಲಿ ಹಲವು ಬಗೆ ಇವೆ.

ನಿಮ್ಮ ಕಾಲೇಜು ತನ್ನದೇ ಇಮೇಲ್ ಕೊಟ್ಟಿದ್ದರೆ, ಮೈಕ್ರೋಸಾಫ್ಟಿನ ಶಿಕ್ಷಣ ಯೋಜನೆಗೆ ಸೇರಿದ್ದರೆ, ಬ್ರೌಸರಿನಲ್ಲಿ ನಡೆಯುವ ಆಫೀಸ್ ಉಚಿತವಾಗಿ ಸಿಗುತ್ತದೆ. ಅಸೈನ್‌ಮೆಂಟಿಗೆ ಸಾಕು. ಆದರೆ ಇಂಟರ್ನೆಟ್ ಇಲ್ಲದಿದ್ದರೆ ಕೈ ಕಟ್ಟಿದಂತೆ. ಚಿಂಚೋಳಿಯ ತಾಂಡಾದಿಂದಲೋ ಸುರಪುರದ ಹಳ್ಳಿಯಿಂದಲೋ ಓಡಾಡುವ ವಿದ್ಯಾರ್ಥಿಗೆ ಇದು ದೊಡ್ಡ ಸಂಗತಿ. ಇನ್ನೊಂದು ಅಪಾಯ, ಕಾಲೇಜು ಇಮೇಲ್ ಮುಚ್ಚಿದ ದಿನ ಒನ್‌ಡ್ರೈವಿನಲ್ಲಿ, ಅಂದರೆ ಮೈಕ್ರೋಸಾಫ್ಟಿನ ಆನ್‌ಲೈನ್ ಜಾಗದಲ್ಲಿ ಇಟ್ಟದ್ದೂ ಕೈ ತಪ್ಪುತ್ತದೆ. ಕೊನೆಯ ಸೆಮಿಸ್ಟರಿನಲ್ಲೇ ಎಲ್ಲವನ್ನೂ ಸ್ವಂತ ಡಿಸ್ಕಿಗೆ ಇಳಿಸಿಕೊಳ್ಳಿ.

ಇದಕ್ಕಿಂತ ಮೊದಲು ಲ್ಯಾಪ್‌ಟಾಪಿನ ಪೆಟ್ಟಿಗೆ ನೋಡಿ. ಇತ್ತೀಚಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಜತೆ ಆಫೀಸ್ ಹೋಮ್ (2021ರ ಆವೃತ್ತಿಯ ತನಕ ಇದರ ಹೆಸರು ಹೋಮ್ ಅಂಡ್ ಸ್ಟೂಡೆಂಟ್) ಬಂದೇ ಇರುತ್ತದೆ. ಅದರ ಬೆಲೆ ನೀವು ಆಗಲೇ ಕೊಟ್ಟಿದ್ದೀರಿ. ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಕೂಡಲೇ ಜೋಡಿಸಬೇಕು, ತಡ ಮಾಡಿದರೆ ಅವಕಾಶ ತಪ್ಪಬಹುದು. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಬೇರೆ ವಿಂಡೋಸ್ ಹಾಕುವ ಮುಂಚೆ ಇದನ್ನು ಕೇಳಲೇಬೇಕು. ಕೈಯಲ್ಲಿದ್ದ ಅಸಲಿ ಪ್ರತಿಯನ್ನು ಅಳಿಸಿ ನಕಲಿ ಹಾಕಿಸಿಕೊಂಡವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಈ ಆಫೀಸ್ ಹೋಮ್ ಒಂದು ಕಂಪ್ಯೂಟರಿಗೆ ಸೀಮಿತ, ಚಂದಾ ಇಲ್ಲ, ವಿದ್ಯಾರ್ಥಿ ಎಂಬ ದಾಖಲೆಯೂ ಬೇಡ. ಮನೆಯ ಯಾರು ಬೇಕಾದರೂ ಬಳಸಬಹುದು. ವ್ಯಾಪಾರಕ್ಕೆ ಮಾತ್ರ ಬಳಸುವಂತಿಲ್ಲ. ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಕೇಂದ್ರ ನಡೆಸುವವರಿಗೆ ಬೇಕಾದದ್ದು ಹೋಮ್ ಅಂಡ್ ಬಿಸಿನೆಸ್. ಅದರಲ್ಲಿ ಔಟ್‌ಲುಕ್ ಇದೆ, ವ್ಯಾಪಾರದ ಹಕ್ಕೂ ಇದೆ. ಒಮ್ಮೆ ಕೊಳ್ಳುವ ಆಫೀಸಿಗೂ ಆಯಸ್ಸು ಇದೆ ಅನ್ನುವುದು ನೆನಪಿರಲಿ. ಆಫೀಸ್ 2016 ಮತ್ತು 2019ಕ್ಕೆ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತವು. 2021ಕ್ಕೆ 2026ರ ಅಕ್ಟೋಬರ್ ತನಕ, 2024ಕ್ಕೆ 2029ರ ಅಕ್ಟೋಬರ್ ತನಕ ಬರುತ್ತವೆ. ಈಗ ಅಂಗಡಿಯಲ್ಲಿ 2021 ಅನ್ನು ಅಗ್ಗಕ್ಕೆ ಕೊಡುತ್ತೇನೆ ಅಂದರೆ ಈ ತಾರೀಖನ್ನು ನೋಡಿಯೇ ಮಾತಾಡಿ.

ಒಂದೇ ಮನೆಯಲ್ಲಿ ಇಬ್ಬರು ಮೂವರು ಓದುವವರಿದ್ದರೆ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಚಂದಾ ಒಬ್ಬೊಬ್ಬರಿಗೆ ಬೇರೆ ಬೇರೆ ಕೊಳ್ಳುವುದಕ್ಕಿಂತ ಅಗ್ಗ. ಆರು ಜನರ ತನಕ ಬಳಸಬಹುದು, ಪ್ರತಿಯೊಬ್ಬರಿಗೂ ಒಂದು ಟಿಬಿ ಜಾಗ. ಒಬ್ಬರೇ ಆದರೆ, ಬರೀ ಕಾಲೇಜು ಕೆಲಸವಾದರೆ, ಲಿಬ್ರೆಆಫೀಸ್ ಹಾಕಿಕೊಳ್ಳಿ. ಉಚಿತ, ಮೆನುಗಳು ಕನ್ನಡದಲ್ಲೂ ಸಿಗುತ್ತವೆ, ಅಂಗಡಿ ಕೆಲಸಕ್ಕೂ ಅಡ್ಡಿ ಇಲ್ಲ. ಎಕ್ಸೆಲ್ ಮ್ಯಾಕ್ರೋ (ಹಲವು ಹೆಜ್ಜೆಗಳ ಕೆಲಸವನ್ನು ತಾನೇ ಮಾಡುವ ಕೋಡ್) ಬಳಸುವವರಿಗೆ ಮಾತ್ರ ಇದು ಸಾಲದು.

ಡಿಸೈನ್: ಇಲ್ಲಿ ನಿಯಮ ತಿರುಗಿದೆ

ಬೀದರಿನಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುತ್ತಾ ಓದುವ ಹುಡುಗರಿದ್ದಾರೆ. ಬಿದ್ರಿ ಕುಶಲಕರ್ಮಿಗಳಿಗೆ ಕ್ಯಾಟಲಾಗ್ ಮಾಡಿಕೊಡುವವರಿದ್ದಾರೆ. ಇವರಿಗೆ ಒಳ್ಳೆಯ ಸುದ್ದಿ ಇದೆ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯ ವಿದ್ಯಾರ್ಥಿ ರಿಯಾಯಿತಿಯ ಪ್ರತಿಯಲ್ಲಿ ದುಡ್ಡಿನ ಕೆಲಸವನ್ನೂ ಮಾಡಬಹುದು. ಆಟೋಡೆಸ್ಕಿನಂತೆ ಇಲ್ಲಿ ಗೆರೆ ಎಳೆದಿಲ್ಲ. ಓದುತ್ತಲೇ ದುಡಿಯುವವರಿಗೆ ಇಷ್ಟು ಅನುಕೂಲದ ವಿದ್ಯಾರ್ಥಿ ಯೋಜನೆ ಕಡಿಮೆ.

ಆದರೆ ಇದು ಉಚಿತ ಅಲ್ಲ, ರಿಯಾಯಿತಿ ಅಷ್ಟೇ. ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ಎರಡನೇ ವರ್ಷ ಅದು ಏರುತ್ತದೆ. ವರ್ಷದ ಒಪ್ಪಂದವನ್ನು ತಿಂಗಳ ಕಂತಿನಲ್ಲಿ ಕಟ್ಟುವವರು ಮೊದಲ 14 ದಿನ ದಾಟಿದ ಮೇಲೆ ನಡುವೆ ಬಿಟ್ಟರೆ ರದ್ದತಿ ಶುಲ್ಕ ಬೀಳುತ್ತದೆ. ಫೋಟೋಶಾಪಿನಲ್ಲೂ "ಲೈಫ್‌ಟೈಮ್" ಅನ್ನುವುದು ಇಲ್ಲ. 2012ರ ಸಿಎಸ್6 ಎಂಬ ಆವೃತ್ತಿ ಆದ ಮೇಲೆ ಹೊಸ ಆವೃತ್ತಿಗಳೆಲ್ಲ ಚಂದಾದಲ್ಲೇ ಬಂದಿವೆ.

ಫೋಟೋ ತಿದ್ದುವುದು, ಪೋಸ್ಟರ್ ಮಾಡುವುದಷ್ಟೇ ಇದ್ದರೆ ಉಚಿತವಾದ ಗಿಂಪ್, ಇಂಕ್‌ಸ್ಕೇಪ್ ಕಲಿಯಿರಿ. ಇವುಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಯಾವ ಸೆಟ್ಟಿಂಗೂ ಬದಲಿಸದೆ ಸರಿಯಾಗಿ ಮೂಡುತ್ತದೆ. ಫೋಟೋಶಾಪಿನಲ್ಲಿ ಅಕ್ಷರ ಒಡೆದರೆ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಹುಡುಕಿ ಹಾಕಬೇಕು.

ಕೋಡಿಂಗ್ ಮತ್ತು ಸಂಶೋಧನೆ

ಕಂಪ್ಯೂಟರ್ ಸೈನ್ಸ್‌ನವರು ದುಡ್ಡು ಖರ್ಚು ಮಾಡಲೇಬೇಡಿ. ಜೆಟ್‌ಬ್ರೈನ್ಸ್ ಕಂಪನಿಯ ಕೋಡ್ ಬರೆಯುವ ಸಾಫ್ಟ್‌ವೇರ್‌ಗಳು ಓದುವ ತನಕ ಉಚಿತ, ವ್ಯಾಪಾರಕ್ಕೆ ಇಲ್ಲ, ಪದವಿ ಮುಗಿದ ಮೇಲೆ ಕೊಳ್ಳುವವರಿಗೆ ರಿಯಾಯಿತಿಯೂ ಇದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ವಿದ್ಯಾರ್ಥಿ ಪ್ಯಾಕ್ ಕೂಡ ಉಚಿತ. ಇವಿಲ್ಲದೆಯೂ ಕೋಡ್ ಬರೆಯುವ ವಿಎಸ್ ಕೋಡ್ ಎಲ್ಲರಿಗೂ ಪುಕ್ಕಟೆ.

ಎಂಜಿನಿಯರಿಂಗ್ ಗಣಿತದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಬೇಕಾದವರು ಮೊದಲು ಕಾಲೇಜಿಗೆ ಕ್ಯಾಂಪಸ್ ಲೈಸೆನ್ಸ್ (ಇಡೀ ಕಾಲೇಜಿಗೆ ಒಂದೇ ಲೈಸೆನ್ಸ್) ಇದೆಯಾ ಕೇಳಿ. ಇಲ್ಲವಾದರೆ ಆನ್‌ಲೈನಿನಲ್ಲಿ ತಿಂಗಳಿಗೆ 20 ಗಂಟೆ ಉಚಿತ ಬಳಕೆ ಇದೆ, ಅದು ಸಾಲದಿದ್ದರೆ ವಿದ್ಯಾರ್ಥಿ ಬೆಲೆಯದ್ದು. ಅದೇ ಬಗೆಯ ಆಕ್ಟೇವ್, ಸೈಲ್ಯಾಬ್ ಪೂರ್ತಿ ಉಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಇಂಥ ಉಚಿತ ಸಾಫ್ಟ್‌ವೇರ್‌ಗಳ ಪಾಠ ಕನ್ನಡದಲ್ಲೂ ಇವೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಪಿಎಚ್‌ಡಿ ಮಾಡುವವರು ಅಂಕಿ-ಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರಿನ ವಿದ್ಯಾರ್ಥಿ ಪ್ಯಾಕ್ ಕೊಳ್ಳುವುದಾದರೆ ಅವಧಿ ನೋಡಿ. ಅದು ತಿಂಗಳ ಲೆಕ್ಕದಲ್ಲಿ ಮುಗಿಯುತ್ತದೆ, ಪ್ರಬಂಧ ಮುಗಿಯುವುದಿಲ್ಲ. ಡೇಟಾ ಕೈಗೆ ಬಂದ ಮೇಲೆಯೇ ಕೊಳ್ಳಿ. ಇಲ್ಲವೇ ಅದೇ ಕೆಲಸದ ಉಚಿತ ಜಮೋವಿ, ಆರ್ ಕಲಿತರೆ ಅವಧಿಯ ಚಿಂತೆಯೇ ಇಲ್ಲ.

ಮುನ್ನೂರು ರೂಪಾಯಿಯ ಕೀ, ಪುಕ್ಕಟೆ ಕ್ರ್ಯಾಕ್

ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕೀ, ಅಂದರೆ ಸಾಫ್ಟ್‌ವೇರ್ ಚಾಲೂ ಮಾಡುವ ಗುಪ್ತ ಸಂಖ್ಯೆ, ವಿದ್ಯಾರ್ಥಿ ರಿಯಾಯಿತಿ ಅಲ್ಲ. ಎಷ್ಟೋ ಸಲ ಅದು ಯಾವುದೋ ಸಂಸ್ಥೆಗೆ ಸಗಟಾಗಿ ಕೊಟ್ಟ ಲೈಸೆನ್ಸಿನ ತುಂಡು, ಇಲ್ಲವೇ ಬೇರೆಯವರ ಕಾಲೇಜು ಖಾತೆ. ಬಂದಾದರೆ ಕೇಳಲು ಯಾರೂ ಇರುವುದಿಲ್ಲ. ಖಾತೆಯ ಒಡೆಯರು ನಿಮ್ಮ ಫೈಲ್ ನೋಡುವ ಸಾಧ್ಯತೆಯೂ ಇರುತ್ತದೆ.

ಕ್ರ್ಯಾಕ್, ಅಂದರೆ ಲೈಸೆನ್ಸ್ ಬೀಗ ಮುರಿದ ನಕಲಿ ಪ್ರತಿ ಹಾಕುವವರು ಆ್ಯಂಟಿವೈರಸ್ ಆಫ್ ಮಾಡಿಸುತ್ತಾರೆ, ನೆನಪಿದೆಯಾ? ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಬ್ಯಾಂಕ್ ಖಾತೆಯೂ ತೆರೆಯುತ್ತದೆ. ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದರೆ ಏಳು ದಿನದಿಂದ ಮೂರು ವರ್ಷದ ತನಕ ಜೈಲು, 50,000ದಿಂದ 2 ಲಕ್ಷದ ತನಕ ದಂಡ. ಲಾಭಕ್ಕಾಗಿ ಬಳಸಿಲ್ಲದಿದ್ದರೆ ಜೈಲು ಬಿಟ್ಟು 50,000 ಮೀರದ ದಂಡ ಹಾಕಲು ಕೋರ್ಟಿಗೆ ಅವಕಾಶ ಇದೆ. ಉಚಿತ ದಾರಿಗಳು ಇಷ್ಟೊಂದು ಇರುವಾಗ ಮಕ್ಕಳು ಇದಕ್ಕೆ ಕೈ ಹಾಕುವುದು ನನಗೆ ಸಹಿಸಲಾಗುವುದಿಲ್ಲ.

ದಾಖಲೆಯ ತೊಡಕು

ವಿದ್ಯಾರ್ಥಿ ಪ್ರತಿ ಕೇಳಿ ತಿರಸ್ಕೃತರಾದವರಲ್ಲಿ ಎಷ್ಟೋ ಜನರ ಸಮಸ್ಯೆ ಒಂದೇ, ಹೆಸರು. ಐಡಿ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಅರ್ಜಿಯಲ್ಲಿ ಇನ್ನೊಂದು. ದಾಖಲೆಯಲ್ಲಿ ಮೂರು ವಿಷಯ ಕಾಣಬೇಕು: ನಿಮ್ಮ ಹೆಸರು, ಕಾಲೇಜಿನ ಹೆಸರು, ಈ ಶೈಕ್ಷಣಿಕ ವರ್ಷದ ತಾರೀಖು. ಅರ್ಜಿಯಲ್ಲಿ ಹೆಸರನ್ನು ದಾಖಲೆಯಲ್ಲಿ ಇರುವ ಹಾಗೇ ಬರೆಯಿರಿ. ಐಡಿ ಕಾರ್ಡಿನಲ್ಲಿ ವರ್ಷ ಇಲ್ಲದಿದ್ದರೆ ಈ ವರ್ಷದ ಫೀ ರಸೀದಿ ಹಾಕಿ. ಅದೂ ಕನ್ನಡದಲ್ಲಿದ್ದರೆ ಕಾಲೇಜಿನಿಂದ ಇಂಗ್ಲಿಷಿನಲ್ಲಿ ಒಂದು ಬೋನಫೈಡ್ ಪತ್ರ ಬರೆಸಿಕೊಳ್ಳಿ.

ಓದು ಮುಗಿದ ಮೇಲೆ ನೀವು ಎಲ್ಲಿರುತ್ತೀರಿ?

ಹೈದರಾಬಾದ್, ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಸ್ವಂತ ದುಡ್ಡಿನಲ್ಲಿ ಪೂರ್ತಿ ಬೆಲೆಯದ್ದು ಕೊಳ್ಳುವ ಅಗತ್ಯ ಬರುವುದೇ ಕಡಿಮೆ. ಕಂಪನಿಯೇ ಲೈಸೆನ್ಸ್ ಕೊಡುತ್ತದೆ. ಓದುವಾಗ ಉಚಿತ ಪ್ರತಿ, ಆಮೇಲೆ ಕಂಪನಿಯದ್ದು, ನಡುವೆ ಖಾಲಿ ಇರುವ ತಿಂಗಳುಗಳಿಗೆ ಉಚಿತ ಸಾಫ್ಟ್‌ವೇರ್. ಅಷ್ಟೇ.

ಪೂರ್ತಿ ಬೆಲೆಯ ಪ್ರಶ್ನೆ ನಿಜವಾಗಿ ಬರುವುದು ಊರಲ್ಲೇ ಉಳಿದು ಶಹಾಪುರದಲ್ಲೋ ಹುಮನಾಬಾದಿನಲ್ಲೋ ಬೋರ್ಡು ಹಾಕುವವರಿಗೆ. ಅವರು ಎಲ್ಲವನ್ನೂ ಮೊದಲ ದಿನವೇ ಕೊಳ್ಳಬಾರದು. ದಿನಾ ದುಡ್ಡು ತರುವ ಒಂದು ಸಾಫ್ಟ್‌ವೇರ್ ಯಾವುದು ನೋಡಿ, ಅದನ್ನು ಬಿಲ್ ಸಮೇತ ಕೊಳ್ಳಿ. ಸಿವಿಲ್‌ನವರಿಗೆ ಅದು ಆಟೋಕ್ಯಾಡ್ ಎಲ್‌ಟಿ ಆಗಬಹುದು, ಲೆಕ್ಕದವರಿಗೆ ಟ್ಯಾಲಿ ಸಿಲ್ವರ್. ಉಳಿದ ಪತ್ರ, ಪಟ್ಟಿ ಕೆಲಸಕ್ಕೆ ಲಿಬ್ರೆಆಫೀಸ್ ಇಟ್ಟುಕೊಳ್ಳಿ. ಕೆಲಸ ನೆಲೆ ನಿಲ್ಲುತ್ತದೋ ಇಲ್ಲವೋ ಗೊತ್ತಾಗುವ ತನಕ ಮೂರು ವರ್ಷದ ಚಂದಾ ಬೇಡ. ಒಂದೇ ದೊಡ್ಡ ಕೆಲಸ ಬಂದರೆ ತಿಂಗಳ ಚಂದಾ ತಗೊಂಡು, ಅದರ ಖರ್ಚನ್ನು ಗಿರಾಕಿಗೆ ಹೇಳುವ ದರದಲ್ಲೇ ಸೇರಿಸಿ.

ಚಂದಾ ಸಾಫ್ಟ್‌ವೇರ್‌ಗಳು ಆಗಾಗ, ಹೆಚ್ಚಿನವು ಸುಮಾರು ತಿಂಗಳಿಗೊಮ್ಮೆ, ಇಂಟರ್ನೆಟ್ ಮೂಲಕ ಲೈಸೆನ್ಸ್ ಪರೀಕ್ಷಿಸುತ್ತವೆ. ಆಫೀಸಿನಲ್ಲಿ ಲೈನ್ ಇಲ್ಲದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತದೆ. ವಿದ್ಯಾರ್ಥಿ ಪ್ರತಿಯಿಂದ ಹೊರಬರುವವರು ಅವಧಿ ಮುಗಿಯುವ ಮುಂಚೆ ತಮ್ಮ ಡ್ರಾಯಿಂಗ್, ವರದಿಗಳನ್ನು ಪಿಡಿಎಫ್ ಆಗಿಯೂ ಉಳಿಸಿಕೊಳ್ಳಲಿ. ಸಾಫ್ಟ್‌ವೇರ್ ಬಂದಾದ ಮೇಲೂ ಸಂದರ್ಶನಕ್ಕೆ ತೋರಿಸಲು ಅವು ಬೇಕಾಗುತ್ತವೆ.